ಹೊಳೆವ್ವ ಹೇಳಿದ್ದಷ್ಟೇ

ಮಾರ್ಚ್ 4, ಮಂಗಳವಾರ

ಅಬ್ಬಾಗೆ ಉಸಿರಿನ ಪಂಪ್ ಕೊಟ್ಟಾಯಿತು. ಮಾತ್ರೆ, ಬಿಸಿನೀರು. ದಿನವಿಡೀ ಔಷಧ ಬೇಕಾದ್ದರಿಂದ ಈ ರಂಜಾನಿನಲ್ಲಿ ಅವರಿಗೆ ರೋಜಾ ಇಲ್ಲ. ಸಂಜೆ ನಾವು ಇಫ್ತಾರಿಗೆ ಕೂತರೆ ಎದ್ದು ಹೊರಗೆ ಹೋಗುತ್ತಾರೆ. ಅಮ್ಮಿ ಕರೆದರೂ ಬರುವುದಿಲ್ಲ.

ಅಂಟಿನ ಕಾರ್ಖಾನೆಯ ಟ್ಯಾಂಕ್ ಒಡೆದು ಗ್ಯಾಸ್ ನಮ್ಮ ಓಣಿಗೆ ನುಗ್ಗಿದ್ದು ದೀಪಾವಳಿಗೆ ಮುಂಚೆ. ಪಕ್ಕದ ಮನೆಯ ಮಲಕಪ್ಪ ಕಾಕಾ ಹೋದರು. ಅಬ್ಬಾ ಉಳಿದರು, ಆದರೆ ಗ್ಯಾರೇಜಿಗೆ ಹೋಗಲಾಗುತ್ತಿಲ್ಲ.

ನನಗೆ ಕೆಲಸ ಸಿಕ್ಕಿದೆ. ವಿದೇಶದ ಸಂಸ್ಥೆಯೊಂದು ಅಂಬೇವಾಡಿಯಲ್ಲಿ ಕ್ಯಾಂಪ್ ಹಾಕಿದೆ. ಯಂತ್ರಕ್ಕೆ ಊದಿಸಿ ಉಸಿರಿನ ಪರೀಕ್ಷೆ, ಜೊತೆಗೆ ಅಕ್ಕಿ-ಬೇಳೆಯ ಕಿಟ್. ಡಾಕ್ಟರ್ ಮೇಡಂಗೆ ಕನ್ನಡ ಬರದು. ಜನ ಹೇಳಿದ್ದನ್ನು ನಾನು ಇಂಗ್ಲಿಷಿನಲ್ಲಿ ಹೇಳಬೇಕು. ಬಂಗೂರನಗರದ ಕಾಲೇಜಿನಲ್ಲಿ ಕಲಿತದ್ದು ಕೊನೆಗೂ ಉಪಯೋಗಕ್ಕೆ ಬಂತು.

ಮಾರ್ಚ್ 6

ಕ್ಯಾಂಪಿಗೆ ಯಾರೂ ಬರಲಿಲ್ಲ. ಖಾಲಿ ಕುರ್ಚಿಗಳು.

ಕಾರ್ಖಾನೆಯ ಮಾಲೀಕರದೂ ಈ ಸಂಸ್ಥೆಯದೂ ಒಂದೇ ದೇಶ. ಓಣಿಗೆಲ್ಲ ಗೊತ್ತಾಗಿದೆ. ಮಲಕಪ್ಪ ಕಾಕಾನ ಹೆಂಡತಿ ಹೊಳೆವ್ವ ಕಾಕು ಬಾಗಿಲಲ್ಲೇ ನಿಲ್ಲಿಸಿ ಕೇಳಿದಳು:

"ವಿಷಾ ಕುಡಿಸಿದಾವ್ರೂ ಅವರ, ಈಗ ಊದ್ರಿ ಅನ್ನಾವ್ರೂ ಅವರ. ನೀನೂ ಅವರ ಕಡೆ ಆದೇನ ಇಶ್ರತ?"

ಮನೆಗೆ ಬಂದು ಅಬ್ಬಾಗೆ ಹೇಳಿದೆ. ಕೆಲಸ ಬಿಡಬೇಡ, ಆದರೆ ಯಾರ ಮಾತನ್ನೂ ನಡುವೆ ನುಂಗಬೇಡ ಎಂದರು. ಅಷ್ಟು ಹೇಳಲು ಎರಡು ಸಲ ಉಸಿರು ತೆಗೆದುಕೊಂಡರು.

ಮಾರ್ಚ್ 7, ರಾತ್ರಿ

ಇವತ್ತು ಹೊಳೆವ್ವ ಕಾಕು ಬಂದಳು. ಪರೀಕ್ಷೆಗಲ್ಲ — ಕೇಳುವುದಕ್ಕೆ.

"ನಾ ಊದಿದ್ದು ಎಲ್ಲಿ ಹೋಗತೈತಿ? ಕೇಳು ಆಕಿನ್ನ."

ಕ್ಯಾಂಪ್ ನೋಡಿಕೊಳ್ಳುವ ಉದಯಕುಮಾರ ಅಡ್ಡ ಬಂದರು. ರಿಪೋರ್ಟೆಲ್ಲ ಹೆಡ್ ಆಫೀಸಿಗೆ ಹೋಗುತ್ತದಂತೆ, ಜನರಿಗೆ ಕೊಡುವುದಿಲ್ಲವಂತೆ.

"ಹಂಗಾರ ಹೇಳು. ನನ್ನ ಉಸಿರು ನಂದು. ಅಳದ್ರ ಸಹಿ ಹಾಕಿ ನನ್ನ ಕೈಯಾಗ ಕೊಡ್ರಿ. ಕೋರ್ಟಿನ್ಯಾಗ ಕಾರ್ಖಾನಿ ಮ್ಯಾಲ ಕೇಸ್ ಐತಿ, ಅಲ್ಲೆ ತೋರಸಾಕ ಬೇಕು. ಅಕ್ಕಿ ನಾವು ದುಡದ ತಿಂತೇವಿ."

ಉದಯಕುಮಾರ ನನ್ನ ಕಿವಿಯ ಹತ್ತಿರ ಬಾಗಿದರು. "ಅಷ್ಟೆಲ್ಲಾ ಬ್ಯಾಡ. ಥ್ಯಾಂಕ್ಸ್ ಹೇಳ್ತಾಳ ಅನ್ರಿ, ಸಾಕು."

ಬಾಯಿ ಒಣಗಿತ್ತು. ರೋಜಾದಿಂದ ಮಾತ್ರ ಅಲ್ಲ. ಕಾಕು ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಅಕ್ಕಿಯ ಮಾತನ್ನೂ.

ಮೇಡಂ ಪೆನ್ನು ಕೆಳಗಿಟ್ಟರು. ರಿಪೋರ್ಟು ಜನರಿಗೇ ಸಿಗುತ್ತದೆ ಎಂದುಕೊಂಡಿದ್ದರಂತೆ. ಮೇಲಿನವರನ್ನು ಕೇಳುತ್ತೇನೆ ಎಂದರು. ಹೊರಗೆ ಬಂದ ಮೇಲೆ ಉದಯಕುಮಾರ ನನಗೆ ಹೇಳಿದ್ದು: "ನಾಳಿಂದ ನೀವು ಬರೂದು ಬ್ಯಾಡ."

ಕೆಲಸ ಎರಡೇ ದಿನ. ಕಣ್ಣಲ್ಲಿ ನೀರು ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. ಓಣಿಯಲ್ಲಿ ತಲೆಯೆತ್ತಿ ನಡೆದುಬಂದೆ.

ಮಾರ್ಚ್ 14

ವಾರವಿಡೀ ಒಬ್ಬರೂ ಕ್ಯಾಂಪಿಗೆ ಹೋಗಿಲ್ಲ. ನಮ್ಮ ಓಣಿಯ ದ್ರಾಕ್ಷಾಯಣಿಯ ಮನೆಯಲ್ಲಿ ನಿನ್ನೆ ಒಂದೇ ಹೊತ್ತು ಒಲೆ ಹೊತ್ತಿದೆ, ಅವಳೂ ಕಿಟ್ ತರಲಿಲ್ಲ. "ಕೇಳಿದ್ದು ಕೊಡ್ಲಿ, ಆಮ್ಯಾಲ ನೋಡೂಣು" ಅಂದಳು. ಅಮ್ಮಿ ಇಫ್ತಾರಿನದು ಒಂದು ಡಬ್ಬಿ ಅವಳಿಗೆ ಕಳಿಸಿದಳು.

ಹೆಮ್ಮೆಯೇ. ಆದರೆ ರಾತ್ರಿ ಅಬ್ಬಾ ಕೆಮ್ಮುವಾಗ ಭಯ. ಮೇಡಂ ಬೇಸತ್ತು ಹೋಗಿಬಿಟ್ಟರೆ? ಆ ಯಂತ್ರ ಮತ್ತೆ ಯಾವಾಗ ಈ ಕಡೆ ಬರುತ್ತದೋ…

ಮಾರ್ಚ್ 19

ಮೇಡಂ ಒಬ್ಬರೇ ನಡೆದುಕೊಂಡು ಓಣಿಗೆ ಬಂದರು. ಹೊಳೆವ್ವ ಕಾಕು ನನ್ನನ್ನು ಕರೆಸಿದಳು. ಅವರಿಗೆ ಸ್ಟೂಲ್ ಹಾಕಿ, ತಾನು ಹೊಸ್ತಿಲ ಮೇಲೆ ಕೂತಳು.

ಮೇಲಿನವರು ಒಪ್ಪಿದ್ದಾರೆ. ಪ್ರತಿಯೊಬ್ಬರ ಕೈಗೂ ರಿಪೋರ್ಟು, ಸಹಿ, ಸೀಲು. ಆದರೆ ಕೋರ್ಟಿಗೆ ಬಂದು ಸಾಕ್ಷಿ ಹೇಳಲು ಸಂಸ್ಥೆ ಬಿಡುವುದಿಲ್ಲ.

ಕಾಕು ಮೇಡಂ ಮುಖ ನೋಡಿ ಹೇಳಿದಳು:

"ಸಾಕ್ಷಿ ಹೇಳೂದಿಲ್ಲಂದ್ರ ನಂಬಿಕಿ ಅರ್ಧಾನ. ಅರ್ಧಾ ನಂಬಿ ಊದ್ತೇನಿ. ಇದನ್ನೂ ಹೇಳು."

ಹೇಳಿದೆ. ಮೇಡಂ ಕೆಂಪಗಾದರು. ಆಮೇಲೆ, ಅಷ್ಟು ನಂಬಿದರೆ ಸಾಕು ಎಂದರು. ನಾಡಿದ್ದಿನಿಂದ ನಾನೇ ಬರಬೇಕಂತೆ. ಉದಯಕುಮಾರ ಒಪ್ಪುತ್ತಾರಾ ಎಂದು ನಾನು ಕೇಳಲಿಲ್ಲ.

ಮಾರ್ಚ್ 22, ಶನಿವಾರ

ರೋಡಿನವರೆಗೆ ಪಾಳಿ. ಹೊಳೆವ್ವ ಕಾಕು ನಿನ್ನೆಯೇ ಊದಿದ್ದಳು, ಇವತ್ತು ರಿಪೋರ್ಟು ಬಂತು. ಅವಳಿಗೆ ಓದಲು ಬಾರದು, ನನ್ನಿಂದ ಓದಿಸಿದಳು. ಶ್ವಾಸಕೋಶ ಅರ್ಧದಷ್ಟೇ ಕೆಲಸ ಮಾಡುತ್ತಿದೆ. ಹೇಗೆ ಹೇಳಲಿ ಎಂದು ತಡವರಿಸಿದೆ.

"ಹೇಳವಾ. ನನಗೇನು ಗೊತ್ತಿರಲಿಲ್ಲೇನ?"

ಹೇಳಿದೆ. ಕೇಳಿ, ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಇನ್ನ ಆ ಕಾರ್ಖಾನಿ ವಕೀಲ ನಾ ಸುಳ್ಳ ಕೆಮ್ತೇನಿ ಅನ್ನಂಗಿಲ್ಲ."

ಪಾಳಿಯಲ್ಲಿದ್ದ ಹೆಂಗಸರು ನಕ್ಕರು. ನಕ್ಕವರಿಗೆಲ್ಲ ಕೆಮ್ಮು ಬಂತು. ಮತ್ತೆ ನಕ್ಕರು.

ಮಾರ್ಚ್ 23, ಬೆಳಿಗ್ಗೆ

ಇವತ್ತು ಅಬ್ಬಾನ ಸರದಿ. ಈದ್‌ಗೆಂದು ತೆಗೆದಿಟ್ಟ ಬಿಳಿ ಅಂಗಿ ಹಾಕಿದ್ದಾರೆ. ಒಂದು ಗುಂಡಿ ಹಾಕಿ ನಿಲ್ಲುತ್ತಾರೆ, ಉಸಿರೆಳೆದು ಇನ್ನೊಂದು. ನಾನು ಕೈ ಹಚ್ಚಲು ಹೋದರೆ ತಳ್ಳುತ್ತಾರೆ.

ಹೊರಗೆ ಹೊಳೆವ್ವ ಕಾಕು: "ಇಶ್ರತ, ಅಪ್ಪನ್ನ ಕರಕೊಂಡ ಬಾ. ಹೋಗೂಣು."

ಕೊನೆಯ ಗುಂಡಿ. ಅವರೇ ಹಾಕಿಕೊಂಡರು. ಬಾಗಿಲ ಕಡೆ ಹೊರಟಿದ್ದಾರೆ, ನನಗಿಂತ ಮುಂದೆ, ನಾನಿನ್ನೂ ಚಪ್ಪಲಿ —