ತೇಗಿಸಿದೆ

ಅವ್ವಾ,

ನೀನು ಕಣ್ಮುಚ್ಚಿದ ಮೇಲೆ ಮೊದಲ ಸಲ ಇವತ್ತು ಸ್ಟುಡಿಯೋದಲ್ಲಿರುವ ನನ್ನ ಕಂಪ್ಯೂಟರನ್ನು ತಣ್ಣಗಿಡುವ ಪೈಪುಗಳ ನೀರು ಬದಲಿಸಿದೆ. ಹಳೆಯದನ್ನು ಬಸಿದು, ಹೊಸದು ತುಂಬಿ ಪಂಪ್ ಹಾಕಿದರೆ ಒಂದೇ ಸಮನೆ ಗುಳುಗುಳು.

ಹಿಂದೊಮ್ಮೆ ಹೀಗೇ ಆದಾಗ, ಧರ್ಮಪುರದ ಬಸ್ಸಿಳಿದು ಬಂದಿದ್ದ ನೀನು ಕಂಪ್ಯೂಟರಿನ ಆ ಭಾರದ ಪೆಟ್ಟಿಗೆಯನ್ನು ತೊಡೆಗೆಳೆದುಕೊಂಡು ಅದರ ಬೆನ್ನು ತಟ್ಟಿದ್ದೆ.

"ಗಾಳಿ ಸೇರ್ಕಂಡೈತೆ ಕಣೇ. ಕೂಸಾದ್ರೆ ತೇಗಿಸ್ದೆ ಮಲಗಿಸ್ತೀಯೇನು?"

"ಮಿಷನ್ ಅವ್ವಾ ಅದು, ಕೆಳಗಿಡು!" ಎಂದು ನಾನು ರೇಗಿದ್ದೆ.

ನಗಬೇಡ. ಇವತ್ತು ಸ್ಟುಡಿಯೋದ ಬಾಗಿಲು ಹಾಕಿಕೊಂಡು, ನೆಲದ ಮೇಲೆ ಕೂತು, ಅದನ್ನು ತೊಡೆಯ ಮೇಲೆ ವಾಲಿಸಿ ನಾನೂ ತಟ್ಟಿದೆ. ದೊಡ್ಡ ಗುಳ್ಳೆಯೊಂದು ಮೇಲೆ ಬಂದು ಒಡೆಯಿತು. ಸದ್ದು ನಿಂತಿತು.

ಆಮೇಲೂ ಬಹಳ ಹೊತ್ತು ತಟ್ಟುತ್ತಲೇ ಇದ್ದೆ.