ತೊಮಾಸಿಯ ಚೆಂಡುಗಳು

ಜೂನ್ 3, ಮಂಗಳವಾರ. ಸಂಜೆ 5

ಈಗಷ್ಟೇ ಬಂದೆ. ಇಡೀ ದಿನ ಕೋಳಿ ರೆಕ್ಕೆ ಕತ್ತರಿಸಿ ಬೆರಳು ಮರಗಟ್ಟಿವೆ. ಅಮ್ಮನನ್ನು ಮಣ್ಣು ಮಾಡಿದ ಮೇಲೆ ಫ್ಯಾಕ್ಟರಿಗೆ ಹೋಗುತ್ತಿರುವ ಮೊದಲ ವಾರ. ಶೋಕದ ಕಪ್ಪು ಬಟ್ಟೆ ಒಗೆದು ಹಾಕಿದೆ. ಕೆಸುವಿನ ಎಲೆಯಲ್ಲಿ ಮಾಂಸ ಬೇಯಿಸಿ ನನ್ನ ತಮ್ಮ ತೊಮಾಸಿಯ ಬಾಗಿಲ ಹೊರಗಿಟ್ಟೆ. ಒಳಗಿನಿಂದ ಟಿಕ್ ಟಿಕ್ ಟಿಕ್... ಮೊಬೈಲಿನ ಸದ್ದು. ನಿನ್ನೆಯೂ ಇದೇ.

ಅಮ್ಮ ಇದ್ದಿದ್ದರೆ ಅದೇನೆಂದು ಅವಳ ಕೈಲಿ ಕೇಳಿಸಬಹುದಿತ್ತು. ನಮ್ಮ ಟೋಂಗಾದವರಲ್ಲಿ, ದೇಶ ಬಿಟ್ಟು ಬಂದರೂ, ಅಕ್ಕ ತಮ್ಮ ಬೆಳೆದ ಮೇಲೆ ಒಂದೇ ಕೋಣೆಯಲ್ಲಿ ಕೂರುವಂತಿಲ್ಲ, ನಾಚಿಕೆಯ ಮಾತು ಎತ್ತುವಂತಿಲ್ಲ. ನಮ್ಮ ಮಾತೆಲ್ಲ ದಾಟುತ್ತಿದ್ದುದು ಅಮ್ಮನ ಬಾಯಿಂದ. "ತೊಮಾಸಿ, ನಿನ್ನ ಗಡ್ಡ ನೋಡಿ ಅಕ್ಕಂಗೆ ಭಯ ಆಗ್ತಿದ್ಯಂತೆ ಕಣೋ" ಅನ್ನುತ್ತಿದ್ದಳು. ನಾನು ಅಂದೇ ಇರುತ್ತಿರಲಿಲ್ಲ. ಆದರೂ ಅವನು ಬೋಳಿಸಿಕೊಳ್ಳುತ್ತಿದ್ದ.

ಜೂನ್ 5. ಊಟದ ಬ್ರೇಕ್

ಪಕ್ಕದಲ್ಲಿ ನಿಂತು ಕತ್ತರಿಸುವ ಫಿಫಿತಾಗೆ ಆ ಸದ್ದಿನ ವಿಷಯ ಹೇಳಿದೆ. ತಕ್ಷಣ ಗೊತ್ತಾಯಿತು ಅವಳಿಗೆ. ಅವಳ ಗಂಡನೂ ಅದನ್ನೇ ಆಡಿ, ಆಮೇಲೆ ಬಿಟ್ಟವನು.

"ಚೆಂಡಿನ ಜೂಜು ಕಣೇ ಸೆಯಿನಿ. ದುಡ್ಡು ಇಟ್ಟು ಮೇಲಿಂದ ಚೆಂಡು ಬಿಡೋದು. ಕೆಳಗೆ ಸಾಲು ಸಾಲು ಮೊಳೆ. ಪ್ರತಿ ಮೊಳೆಗೂ ತಾಗಿ ಎಡಕ್ಕೋ ಬಲಕ್ಕೋ. ಕೊನೇಲಿ ಗೂಡು. ತೀರಾ ಅಂಚಿನ ಗೂಡಿಗೆ ಬಿದ್ರೆ ಸಾವಿರ ಪಟ್ಟು."

"ನಡುವಿಗೆ ಬಿದ್ರೆ?"

"ಇಟ್ಟಿದ್ರಲ್ಲಿ ಐದನೇ ಒಂದು ಪಾಲು ವಾಪಸ್. ಉಳಿದಿದ್ದು ಅವರ ಹೊಟ್ಟೆಗೆ. ಬೀಳೋದೆಲ್ಲ ಅಲ್ಲೇ."

"ಅಂಚಿಗೂ ಬೀಳಬಹುದಲ್ಲ..."

"ಬೀಳಬೇಕಂದ್ರೆ ಎಲ್ಲಾ ಮೊಳೇಲೂ ಒಂದೇ ಕಡೆ ತಿರುಗಬೇಕು. ನಮ್ಮ ಚರ್ಚಿನ ಹಾಡೋ ಗಂಡಸರೇ ಒಂದಿನಾನೂ ಒಂದೇ ಕಡೆ ತಿರುಗಿದ್ದಿಲ್ಲ, ಇನ್ನು ಚೆಂಡು ತಿರುಗುತ್ತಾ?"

ನಕ್ಕಳು. ನಾನೂ ನಕ್ಕೆ — ಅಮ್ಮ ಹೋದ ಮೇಲೆ ಮೊದಲ ಸಲ.

"ಫೋನ್ ಕೊಡು ಅಂತ ಕೇಳಿಬಿಡೇ. ಅಕ್ಕ ಕೇಳಿದ್ದನ್ನ ಇಲ್ಲ ಅನ್ನೋಕೆ ಅವನೇನು ಬಿಳಿಯನಾ? ಟೋಂಗಾದವನಲ್ವಾ?"

"ಇಲ್ಲ ಅನ್ನಲ್ಲ ಅಂತಾನೇ ಕೇಳೋಕೆ ಭಯ."

ಜೂನ್ 15, ಭಾನುವಾರ

ತೊಮಾಸಿ ಚರ್ಚಿಗೆ ಬರಲಿಲ್ಲ. ಕೆಲಸ ಬಿಟ್ಟಿದ್ದಾನಂತೆ, ಅಲ್ಲಿ ಯಾರೋ ಹೇಳಿ ತಿಳಿಯಿತು. ನಿನ್ನೆಯ ತಟ್ಟೆ ಇಟ್ಟಲ್ಲೇ ಇದೆ, ಇರುವೆ ಮುತ್ತಿದೆ. ಟಿಕ್ ಟಿಕ್. ಅಮ್ಮನನ್ನು ಕಳೆದುಕೊಂಡೆ, ಇವನನ್ನೂ...

ಜೂನ್ 19. ಸಂಜೆ 4

ಕೇಳಿಬಿಟ್ಟೆ.

"ತೊಮಾಸಿ, ಆ ಫೋನ್ ನಂಗೆ ಬೇಕು."

ಬಾಗಿಲು ಒಂದು ಗೇಣು ತೆರೆಯಿತು. ಎರಡೂ ಕೈಯಲ್ಲಿ ಹಿಡಿದು ಕೊಟ್ಟ, ತಲೆ ಎತ್ತಲಿಲ್ಲ. "ತಗೋ ಅಕ್ಕ." ಮಣಿಕಟ್ಟು ಎಷ್ಟು ಸಣ್ಣಗಾಗಿದೆ.

ಪರದೆಯ ಮೇಲೆ ಚೆಂಡುಗಳು ತಾವಾಗಿಯೇ ಉದುರುತ್ತಿದ್ದವು. ಆಟ ತಾನೇ ನಡೆಯುವ ಹಾಗೆ ಬಿಟ್ಟಿದ್ದ. ನಿಲ್ಲಿಸುವುದು ಹೇಗೆಂದು ತಿಳಿಯಲಿಲ್ಲ. ಅವನನ್ನು ಕೇಳಲು ಬಾಯಿ ಬರಲಿಲ್ಲ. ಒಂದು... ನಡುವಿಗೆ. ಇನ್ನೊಂದು, ನಡುವಿಗೆ. ಒಂದು ಮಾತ್ರ ಅಂಚಿನ ಕಡೆಗೇ ಇಳಿಯುತ್ತ ಹೋಯಿತು — ಬೀಳು... ದೇವರೇ, ಬೀಳಲಿ ಎಂದೆ. ನಾನೇ ಎಂದೆ. ಕೊನೆಯ ಮೊಳೆಗಳಲ್ಲಿ ಒಳಕ್ಕೆ ತಿರುಗಿತು.

ದುಡ್ಡು ಮುಗಿದಾಗ ಆಟ ತಾನೇ ನಿಂತಿತು. ತಲೆ ಎತ್ತಿದೆ. ಬಾಗಿಲ ಸಂದಿಯಲ್ಲಿ ಅವನು ಇನ್ನೂ ನಿಂತಿದ್ದ. ನಾನು ನೋಡಿದ್ದನ್ನು ನೋಡಿದ.

ಜೂನ್ 20

ಕೋಣೆ ಖಾಲಿ. ಹಾಸಿಗೆ ಮಡಿಸಿಟ್ಟಿದ್ದಾನೆ. ಚೀಲ ಇಲ್ಲ.

ಫಿಫಿತಾ ಹೇಳಿದಳು: "ಹಣ್ಣು ಕೀಳೋಕೆ ಉತ್ತರಕ್ಕೆ ಹೋಗೋ ವ್ಯಾನ್ ಹತ್ತಿದ ಕಣೇ. ನಮ್ಮನೆಯವರು ತಡೆದ್ರಂತೆ. 'ಅಕ್ಕ ಕಣ್ಣಾರೆ ನೋಡಿಬಿಟ್ಳು, ಇನ್ನು ಆ ಮನೇಲಿ ಹೆಂಗೆ ಉಣ್ಣಲಿ' ಅಂದನಂತೆ."

"ಯಾವ ತೋಟ?"

"ಹೇಳಲಿಲ್ವಂತೆ."

ಜೂನ್ 21, ಶನಿವಾರ. ಬೆಳಿಗ್ಗೆ 11

ಏನು ಹೇಳಬೇಕೆಂದು ಬೆಳಗಿನಿಂದ ಮನಸ್ಸಿನಲ್ಲೇ ಜೋಡಿಸಿಕೊಂಡೆ. ಬೈಯುವುದಿಲ್ಲ. ಅಮ್ಮ ಹೇಳುತ್ತಿದ್ದ ಹಾಗೆ ಹೇಳಬೇಕು — ಏನಾದರೂ ತಮಾಷೆ, ಗಡ್ಡದ ವಿಷಯ. ಧೈರ್ಯ ಮಾಡಿ ಅವನ ನಂಬರಿಗೆ ಫೋನ್ ಮಾಡಿದೆ.

ಅಡುಗೆಮನೆಯ ಮೇಜಿನ ಮೇಲೆ ರಿಂಗಾಯಿತು. ಮೊನ್ನೆ ನಾನೇ ಅಲ್ಲಿಟ್ಟು ಮರೆತಿದ್ದೆ. ಪರದೆಯ ಮೇಲೆ ನನ್ನ ಹೆಸರು.

ಬೇರೆ ನಂಬರ್ ಇಲ್ಲ. ಕೇಳಿದ್ದನ್ನು ಕೊಟ್ಟು ಹೋಗಿದ್ದಾನೆ.

ನಾಳೆ ಭಾನುವಾರ. ನೆಲದಲ್ಲಿ ತೋಡಿದ ಗುಂಡಿಯೊಲೆ ಹೊತ್ತಿಸಿ ಭಾನುವಾರದ ಊಟ ಬೇಯಿಸುವುದು ಗಂಡಸರ ಕೆಲಸ. ಮನೆಯಲ್ಲಿ ಗಂಡಸರಿಲ್ಲ.