ತಮ್ಮನ ರಕ್ತ, ನನ್ನ ರಕ್ತ

ಆಸ್ಪತ್ರೆ, ಎರಡನೇ ಮಹಡಿ, ಕಿಟಕಿ ಪಕ್ಕದ ಹಾಸಿಗೆ
ಹದಿನಾಲ್ಕನೇ ತಾರೀಖು, ಗುರುವಾರ

ನಮ್ಮ ಮನೆಯ ಯಜಮಾನಿಗೆ ಪ್ರೀತಿಯಿಂದ,

ಹೇಗಿದ್ದೀಯ? ಮಗಳಿಗೆ ನಿದ್ದೆ ಸಿಗುತ್ತಿದೆಯೆ? ಮೊಮ್ಮಗಳು ಸರಿಯಾಗಿ ಹಾಲು ಕುಡಿಯುತ್ತಾಳೆಯೆ? ಬಾಣಂತಿಯನ್ನು ನೋಡಿಕೊಳ್ಳುವ ಭರದಲ್ಲಿ ನಿನ್ನ ಮಂಡಿನೋವಿನ ಮಾತ್ರೆ ಮರೆಯಬೇಡ. ಆಸ್ಪತ್ರೆ ಎಂದು ಓದಿ ಗಾಬರಿಯಾಗಬೇಡ, ನಾನು ಚೆನ್ನಾಗಿದ್ದೇನೆ. ಫೋನಿನಲ್ಲಿ ನನ್ನ ದನಿ ಕೇಳಿದ್ದರೆ ನೀನು ಎಲ್ಲ ಬಿಟ್ಟು ಓಡಿಬರುತ್ತಿದ್ದೆ, ಅದಕ್ಕೇ ಕಾಗದ.

ಮೊನ್ನೆ ಅಂಗಡಿಯಲ್ಲಿ ಯಾರದೋ ತಕ್ಕಡಿಯ ಮುಳ್ಳು ಸರಿಮಾಡುತ್ತಿದ್ದಾಗ ಹೊಟ್ಟೆಯ ಮೇಲ್ಭಾಗದಲ್ಲಿ ಹಿಡಿದ ನೋವು ಬೆನ್ನಿಗೆ ಹೊಡೆಯಿತು. ತಮ್ಮ ಇಲ್ಲಿಗೆ ಎತ್ತಿಕೊಂಡು ಬಂದ. ಪಿತ್ತಕೋಶದಿಂದ ಜಾರಿದ ಸಣ್ಣ ಕಲ್ಲೊಂದರ ದೆಸೆಯಿಂದ ಮೇದೋಜ್ಜೀರಕ ಗ್ರಂಥಿ ಊದಿಕೊಂಡಿದೆಯಂತೆ. ಇಷ್ಟು ವರ್ಷ ಹೊಟ್ಟೆಯೊಳಗೆ ಬಾಡಿಗೆಯಿಲ್ಲದೆ ಇದ್ದವನ ಹೆಸರು ಈಗ ಗೊತ್ತಾಯಿತು. ಇಂಜೆಕ್ಷನ್ ಕೊಟ್ಟರು, ಬಾಟಲಿ ಮೇಲೆ ಬಾಟಲಿ ಏರಿಸಿದರು, ಇವತ್ತು ನೋವು ಅರ್ಧಕ್ಕಿಳಿದಿದೆ. ಆದರೆ ಡಾಕ್ಟರಮ್ಮ ಬೆಳಿಗ್ಗೆ ಬಂದು ಬೇರೆಯೇ ರಾಗ ಹಾಡಿದಳು. "ನೋವು ಕಡಿಮೆ ಆಯ್ತು ಅಂತ ಮೋಸ ಹೋಗ್ಬೇಡಿ. ರಕ್ತದಲ್ಲಿ ಸಿಆರ್‌ಪಿ ಅನ್ನೋ ಅಂಶ ಒಂದೇ ಸಮ ಏರ್ತಿದೆ, ಬಿಳಿ ರಕ್ತಕಣಾನೂ ಜಾಸ್ತಿ ಆಗಿದೆ. ಒಳಗಿನ ಉರಿಯೂತ ರಕ್ತದಲ್ಲಿ ಮೊದಲು ಕಾಣುತ್ತೆ. ಇಷ್ಟು ಏರಿದವರಿಗೆ ಆಮೇಲೆ ಉಸಿರಾಟಕ್ಕೂ ಕಿಡ್ನಿಗೂ ತೊಂದರೆ ಆಗ್ಬಹುದು. ಈಗ್ಲೇ ಐಸಿಯುಗೆ ಹೋಗೋಣ" ಎಂದಳು. ನಾನು ಒಪ್ಪಲಿಲ್ಲ.

ಹೇಗೆ ಒಪ್ಪಲಿ ಹೇಳು? ನಗುತ್ತ ಕೂತವನಿಗೆ ನಾಳೆ ಕೆಡುತ್ತದೆ ಎನ್ನಲು ಇದೇನು ಜ್ಯೋತಿಷ್ಯವೆ? ಇಲ್ಲಿ ಎಲ್ಲರೂ ಏನೋ ಮುಚ್ಚಿಡುತ್ತಿದ್ದಾರೆ. ನರ್ಸಮ್ಮ ಅಗತ್ಯಕ್ಕಿಂತ ಹೆಚ್ಚು ನಗುತ್ತಾಳೆ. ಪಕ್ಕದ ಹಾಸಿಗೆಯವನು ನಾನು ಕಣ್ಣು ಬಿಟ್ಟ ಕೂಡಲೇ ಮಾತು ನಿಲ್ಲಿಸುತ್ತಾನೆ. ತಮ್ಮನಂತೂ ವರಾಂಡದಲ್ಲಿ ಡಾಕ್ಟರ ಜೊತೆ ಪಿಸುಗುಟ್ಟಿ, ಒಳಗೆ ಬಂದು ಹವಾಮಾನದ ಮಾತಾಡುತ್ತಾನೆ. "ದೇವರು ಪ್ರತ್ಯಕ್ಷ ಆದ್ರೂ ನೀವು ಗುರುತಿನ ಚೀಟಿ ಕೇಳ್ತೀರಿ" ಎಂದು ನೀನು ಬೈಯುವುದು ಇಲ್ಲಿಗೇ ಕೇಳಿಸುತ್ತಿದೆ. ಕೇಳಿದರೆ ತಪ್ಪೇನು?

ನಮ್ಮ ಕಸುಬಿನಲ್ಲಿ ತಕ್ಕಡಿಯ ಮೇಲೆ ಅನುಮಾನ ಬಂದರೆ ಗೊತ್ತಿರುವ ತೂಕದ ಕಲ್ಲನ್ನು ಇಟ್ಟು ನೋಡುತ್ತೇವೆ. ಇಲ್ಲಿ ಆ ಕಲ್ಲು ನನ್ನ ತಮ್ಮ. ವರ್ಷಕ್ಕೊಮ್ಮೆ ನೆಗಡಿಯೂ ಬಾರದ ಗಟ್ಟಿ ಆಳು. ಅವನಿಗೆ, ನಿನ್ನ ರಕ್ತ ಇದೇ ಪ್ರಯೋಗಾಲಯಕ್ಕೆ ಕೊಡು, ನನ್ನದನ್ನೂ ಇನ್ನೊಮ್ಮೆ ತೆಗೆಯಲಿ, ಎರಡೂ ವರದಿ ಒಟ್ಟಿಗೆ ಬರಲಿ, ಅಲ್ಲಿಯವರೆಗೆ ಈ ಹಾಸಿಗೆ ಬಿಟ್ಟು ಕದಲುವುದಿಲ್ಲ ಎಂದೆ. ಸೂಜಿ ಕಂಡರೆ ಬೆವರುವ ಪ್ರಾಣಿ ಬೈದುಕೊಂಡೇ ತೋಳು ಚಾಚಿದ. ಡಾಕ್ಟರಮ್ಮ ಇಷ್ಟು ಹೊತ್ತಿನಲ್ಲಿ ಮೂರು ಸಲ ಬಂದು ಐಸಿಯುಗೆ ಹೋಗೋಣವೇ ಎಂದು ಕೇಳಿ ಹೋದಳು. ಅವನದೂ ಏರಿದೆ ಎಂದು ಬರುತ್ತದೆ ನೋಡು, ಆಗ ಇವರ ಯಂತ್ರದ ಬಂಡವಾಳ ಬಯಲಾಗುತ್ತದೆ.

ಆದ್ದರಿಂದ ನೀನು ಹೊರಡಬೇಡ. ಬಾಣಂತನ ಮುಗಿಸಿಕೊಂಡೇ ಬಾ. ಮಗಳಿಗೆ ನನ್ನ ಆಶೀರ್ವಾದ, ಅಳಿಯನಿಗೆ ನೆನಕೆ, ಇನ್ನೂ ನೋಡದ ಮೊಮ್ಮಗಳ ಎರಡೂ ಕೆನ್ನೆಗೆ ಮುತ್ತು.

ಇಂತಿ ನಿನ್ನ
ಅನುಮಾನದ ಗಂಡ

ತಾ.ಕ.: ಎರಡೂ ಬಂದವು. ತಮ್ಮನದು ಇರಬೇಕಾದಷ್ಟೇ ಇದೆ. ನನ್ನದು ಬೆಳಗಿನದಕ್ಕಿಂತ ಮೇಲೆ ಹೋಗಿದೆ. ಸ್ವಲ್ಪ ಹೊತ್ತಿನಿಂದ ಉಸಿರೂ ಮೇಲೆಮೇಲೆ ಬರುತ್ತಿದೆ, ಯಾರಿಗೂ ಹೇಳಿರಲಿಲ್ಲ. ಗಾಲಿ ಮಂಚ ತಂದಿದ್ದಾರೆ, ನರ್ಸಮ್ಮ ಪೆನ್ನು ಕೇಳುತ್ತಿದ್ದಾಳೆ. ಈ ಕಾಗದ ತಮ್ಮನ ಕೈಯಲ್ಲೇ ಬರುತ್ತದೆ, ಅವನ ಕಾರಿನಲ್ಲೇ ಹೊರಡು. ನನಗೆ ಭಯವಾಗುತ್ತಿದೆ ಕಣೇ. ಚೆನ್ನಾಗಿದ್ದೇನೆ ಎಂದು ಮೇಲೆ ಬರೆದಿದ್ದೇನಲ್ಲ, ಅದನ್ನು ನಂಬಬೇಡ.